ಕೇಳದೆ ಬೇಡವೆಂದ ಲಿವರ್

ಮೊದಲು ಕಾಲು ಊದಿತು.

ನನ್ನ ತಮ್ಮ ಮುನಿರಾಜ ಜಿಗಣಿಯ ಒಂದು ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಒಂದು ಸೋಮವಾರ ಬೆಳಿಗ್ಗೆ ಅವನ ಸೇಫ್ಟಿ ಶೂ ಕಾಲಿಗೆ ಹತ್ತಲಿಲ್ಲ. "ಅಕ್ಕಾ, ಶೂ ಚಿಕ್ಕದಾಗೈತೆ" ಅಂದ. ಮೂವತ್ತೈದು ವರ್ಷದ ಗಂಡಸಿಗೆ ಕಾಲು ಬೆಳೀತದಾ ಎಂದು ನಕ್ಕೆ. ಕೂತು ಅವನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದೆ. ಒತ್ತಿದ ಕಡೆ ಗುಳಿ ಬಿತ್ತು. ಬೆರಳು ತೆಗೆದರೂ ಗುಳಿ ಹಾಗೇ ಇತ್ತು.

ನಗು ಅಲ್ಲಿಗೆ ನಿಂತಿತು.

ಆಮೇಲೆ ಕಣ್ಣು ಹಳದಿಯಾಯಿತು. ಹೊಟ್ಟೆಯಲ್ಲಿ ನೀರು ತುಂಬಿ ಚರ್ಮ ಹೊಳೆಯತೊಡಗಿತು. ತೋಳು ತೊಡೆಗಳು ಮಾತ್ರ ದಿನದಿನಕ್ಕೆ ಸೊರಗಿದವು. ಮಾರತ್ತಹಳ್ಳಿ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿ ಡಾಕ್ಟರ್ ಹೇಳಿದರು: "ಹೆಪಟೈಟಿಸ್ ಬಿ. ಎಷ್ಟೋ ವರ್ಷದಿಂದ ಒಳಗೇ ಇದ್ದಿರಬೇಕು. ಈಗ ಸಿರೋಸಿಸ್ ಆಗಿದೆ. ವೈರಸ್ಸನ್ನ ಮಾತ್ರೆ ಕೊಟ್ಟು ಹಿಡೀಬಹುದು. ಈ ಲಿವರ್ ಮಾತ್ರ ವಾಪಸ್ ಬರಲ್ಲ. ಟ್ರಾನ್ಸ್‌ಪ್ಲಾಂಟ್ ಬೇಕಾಗುತ್ತೆ."

ಅವನು ಕುಡಿಯುತ್ತಿರಲಿಲ್ಲ. ಲಿವರ್ ಎಂದ ಕೂಡಲೇ ಎಲ್ಲರೂ ಕೇಳುವುದು ಅದನ್ನೇ. ಮೊದಮೊದಲು ಆಣೆ ಮಾಡಿ ಹೇಳುತ್ತಿದ್ದೆ. ಆಮೇಲೆ ಬಿಟ್ಟೆ. ನಮ್ಮ ಚಿಕ್ಕಮ್ಮ ನೋಡಲು ಬಂದವಳು ನಾಲ್ಕನೇ ಸಲ "ನಿಜ್ವಾಗ್ಲೂ ಕುಡೀತಿರ್ಲಿಲ್ವೇನೇ ಜಯಾ?" ಅಂದಾಗ, "ಕುಡಿದಿದ್ರೆ ಸಾಯ್ಲಿ ಅಂತೀಯಾ?" ಎಂದು ಕೇಳಿದೆ. ತಂದ ಬಾಳೆಹಣ್ಣು ಅಲ್ಲೇ ಇಟ್ಟು ಎದ್ದು ಹೋದಳು. ಮತ್ತೆ ಬರಲಿಲ್ಲ. ಬರದಿದ್ದರೆ ಬೇಡ.

ದುಡ್ಡು ಹೇಗೆ ಹೊಂದಿಸಿದಿರಿ ಎಂದೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಬರೆಯಲು ಕೂತಿರುವುದು ನನ್ನ ಒಂದು ತಪ್ಪಿನ ಬಗ್ಗೆ. ಕ್ಷಮಿಸಿ ಎಂದು ಯಾರನ್ನೂ ಕೇಳುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಜಯಮ್ಮ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ ಇದ್ದಾನೆ, ನನ್ನ ಜೊತೆ ಇಲ್ಲ. ಮುನಿ ಮದುವೆಯಾಗಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಜಿಗಣಿಯಲ್ಲಿ ಎರಡು ರೂಮಿನ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಹದಿನಾರು ವರ್ಷದಿಂದ ನಾನು ಒಂದು ರಬ್ಬರ್ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತಿದ್ದೇನೆ. ವಾಹನಗಳ ಎಂಜಿನ್ನಿನಲ್ಲಿ ಎಣ್ಣೆ ಸೋರದಂತೆ ಹಾಕುವ ರಬ್ಬರ್ ಬಳೆಗಳು ನಮ್ಮಲ್ಲಿ ತಯಾರಾಗುತ್ತವೆ. ಲೈಟಿನ ಕೆಳಗೆ ಹಿಡಿದು, ಬೆರಳಲ್ಲಿ ತಿರುಗಿಸಿ, ಅಂಚು ನೋಡಿ, ಒಂದೊಂದನ್ನೂ ಡಬ್ಬಕ್ಕೆ ಹಾಕಬೇಕು. ಸರಿಯಿದ್ದರೆ ಹಸಿರು ಡಬ್ಬ. ಕೆಟ್ಟಿದ್ದರೆ ಕೆಂಪು. ಗೊತ್ತಾಗದಿದ್ದರೆ ಹಳದಿ. ಹಳದಿಯದನ್ನು ಮಷೀನಿಗೆ ಹಾಕಿ ಟೆಸ್ಟ್ ಮಾಡುತ್ತಾರೆ.

ನಿಜ ಹೇಳಬೇಕೆಂದರೆ ನಾವು ಹೆಂಗಸರು ಯಾರೂ ಹಳದಿ ಡಬ್ಬ ಮುಟ್ಟುವುದಿಲ್ಲ. ಹಳದಿ ತುಂಬಿದರೆ ಸೂಪರ್‌ವೈಸರ್ ಬೈಯುತ್ತಾನೆ. ಕೆಟ್ಟ ಪೀಸ್ ಹಸಿರಿಗೆ ಹೋದರೆ ಡಬ್ಬದ ಚೀಟಿಯ ಮೇಲಿರುವ ನಮ್ಮ ನಂಬರ್ ಹಿಡಿದು ಕಂಪ್ಲೇಂಟ್ ವಾಪಸ್ ಬರುತ್ತದೆ. ಒಳ್ಳೆಯ ಪೀಸ್ ಕೆಂಪಿಗೆ ಹೋದರೆ? ಯಾರೂ ಕೇಳುವುದಿಲ್ಲ. ಪುಡಿಯಾಗಿ ಹೋಗುತ್ತದೆ. ಹೊಸ ಹುಡುಗಿಯರಿಗೆ ನಾನೇ ಹೇಳಿಕೊಡುತ್ತಿದ್ದೆ. "ಡೌಟಾ? ಕೆಂಪಿಗೆ ಎಸಿ, ಕೈ ತೊಳ್ಕೊ."

ಹದಿನಾರು ವರ್ಷ ಹೀಗೆ ಕೈ ತೊಳೆದುಕೊಂಡಿದ್ದೇನೆ.

ಲಿವರಿನಲ್ಲಿ ಒಂದು ಭಾಗ ಕೊಡುತ್ತೇನೆ ಎಂದು ಮೊದಲು ನಾನೇ ಮುಂದೆ ಬಂದೆ. ಪರೀಕ್ಷೆ ಮಾಡಿದರು. ನನಗೆ ಶುಗರ್ ಇದೆ, ಲಿವರಿನಲ್ಲಿ ಕೊಬ್ಬು ಸೇರಿದೆ, ಆಗುವುದಿಲ್ಲ ಎಂದರು. ಮುನಿಯ ಹೆಸರನ್ನು ಸರ್ಕಾರದ ಪಟ್ಟಿಗೆ ಸೇರಿಸಿದರು. ಮೆದುಳು ನಿಂತು ಹೋದವರ ಮನೆಯವರು ಒಪ್ಪಿ ಕೊಟ್ಟಾಗ, ರಕ್ತದ ಗುಂಪು ಹೊಂದಿದರೆ, ಸರದಿ ಬಂದರೆ, ಫೋನ್ ಬರುತ್ತದೆ. ಅಲ್ಲಿಯವರೆಗೆ ಕಾಯಬೇಕು.

ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ. ದಿನಕ್ಕೆ ಮೂರು ಸಲ ಸಿಹಿ ಸಿರಪ್ ಕುಡಿಸಬೇಕು. ಅದರಿಂದ ಭೇದಿಯಾಗಬೇಕು. ಆಗದಿದ್ದರೆ ಮೈಯೊಳಗಿನ ವಿಷ ತಲೆಗೆ ಏರುತ್ತದೆ. ಹಾಗೆ ಏರಿದ ದಿನ ಅವನು ಟೀಗೆ ಉಪ್ಪು ಹಾಕಿದ. ಇನ್ನೊಂದು ದಿನ ನನ್ನನ್ನು ಅಮ್ಮಾ ಎಂದು ಕರೆದು, ಗೇಟ್ ಹತ್ರ ಗಾಡಿ ನಿಂತೈತೆ, ಇಳಿಸ್ಬೇಕು ಎಂದು ಅಂಗಿ ಹಾಕಿಕೊಂಡು ಹೊರಟ. ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಶೈಲಾ ಮೇಡಂ ಒಂದು ಉಪಾಯ ಹೇಳಿಕೊಟ್ಟರು. ದಿನಾ ಬೆಳಿಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ಅವನು ತನ್ನ ಹೆಸರು ಬರೆಯಬೇಕು. ಅಕ್ಷರ ನೆಟ್ಟಗಿದ್ದರೆ ತಲೆ ನೆಟ್ಟಗಿದೆ. ಗೆರೆ ಜಾರಿದರೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ನೋಟ್‌ಬುಕ್ ತುಂಬ ಮುನಿರಾಜ, ಮುನಿರಾಜ, ಮುನಿರಾಜ. ಕೆಲವು ದಿನ ಇರುವೆ ಸಾಲಿನ ಹಾಗೆ ಎಲ್ಲೆಲ್ಲೋ ಹೋಗಿತ್ತು.

ಶೈಲಾ ಮೇಡಂ ಪಟ್ಟಿಯಲ್ಲಿರುವವರ ಮನೆಯವರನ್ನು ಕೂರಿಸಿಕೊಂಡು ಎಲ್ಲ ವಿವರಿಸಿದ್ದರು. ದಾನಿಯ ಮೈಯಿಂದ ಲಿವರ್ ತೆಗೆಯುವ ಮೊದಲು ತಣ್ಣನೆಯ ಔಷಧಿ ನೀರು ಹರಿಸಿ ರಕ್ತ ತೊಳೆಯುತ್ತಾರೆ. ಒಂದರೊಳಗೊಂದು ಚೀಲದಲ್ಲಿಟ್ಟು ಐಸ್ ಪೆಟ್ಟಿಗೆಗೆ ಇಳಿಸುತ್ತಾರೆ. ಆಗಿನಿಂದ ಗಡಿಯಾರ ಓಡುತ್ತದೆ. ಸರ್ಜನ್ ಬಣ್ಣ ನೋಡುತ್ತಾರೆ, ಬೆರಳಲ್ಲಿ ಒತ್ತುತ್ತಾರೆ, ಅಂಚು ಚೂಪಾಗಿದೆಯೋ ಮೊಂಡಾಗಿದೆಯೋ ನೋಡುತ್ತಾರೆ. ಕೊಬ್ಬಿದ್ದರೆ ಅಂಚು ಮೊಂಡಾಗುತ್ತದೆ. ಅನುಮಾನವಿದ್ದರೆ ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

ಉಳಿದವರು ಮುಖ ಸಿಂಡರಿಸಿದರು. ನನಗೆ ಮಾತ್ರ ಧೈರ್ಯ ಬಂತು. ಬಣ್ಣ, ಬೆರಳು, ಅಂಚು. ಇದು ನನ್ನ ಕೆಲಸ. ಇದು ನನಗೆ ಗೊತ್ತು ಅಂದುಕೊಂಡೆ.

ಆ ಅಹಂಕಾರವೇ ಮುಂದೆ ನನ್ನ ಕೈ ಹಿಡಿದು ತಪ್ಪು ಮಾಡಿಸಿತು.

ಒಂದು ಬುಧವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫೋನ್ ಬಂತು. ಮುನಿಗೆ ಆಗಾಗ ತಲೆ ಮಸುಕಾಗುತ್ತಿದ್ದುದರಿಂದ ಆಸ್ಪತ್ರೆಯವರು ನನಗೇ ಮಾಡುತ್ತಿದ್ದರು. ಶೈಲಾ ಮೇಡಂ.

"ಜಯಮ್ಮ, ಒಂದು ಲಿವರ್ ಬಂದಿದೆ. ಗ್ರೂಪ್ ಹೊಂದುತ್ತೆ. ಆದ್ರೆ ನೇರವಾಗಿ ಹೇಳ್ಬಿಡ್ತೀನಿ. ದಾನಿಗೆ ವಯಸ್ಸಾಗಿದೆ. ಲಿವರಲ್ಲಿ ಸ್ವಲ್ಪ ಕೊಬ್ಬಿದೆ. ಐಸಿಯುನಲ್ಲಿ ಜಾಸ್ತಿ ದಿನ ಇದ್ರು. ನಮ್ಮ ಸರ್ಜನ್ ಬಳಸಬಹುದು ಅಂತಿದಾರೆ. ರಿಸ್ಕ್ ಮಾಮೂಲಿಗಿಂತ ಜಾಸ್ತಿ ಇರುತ್ತೆ. ಮುನಿರಾಜು ಇವತ್ತು ಹೇಗಿದಾರೆ?"

"ಚೆನ್ನಾಗವ್ನೆ ಮೇಡಂ."

"ಹಾಗಾದ್ರೆ ಅವರ ಹತ್ರ ಮಾತಾಡಿ. ಅರ್ಧ ಗಂಟೇಲಿ ನನಗೆ ಹೇಳಿ."

ಅವನು ಮನೆಯಲ್ಲೇ ಇದ್ದ. ಫೋನ್ ಪಕ್ಕದಲ್ಲೇ ಇತ್ತು. ಆವತ್ತು ಬೆಳಿಗ್ಗೆ ಹೆಸರನ್ನು ಅಚ್ಚು ಹಾಕಿದ ಹಾಗೆ ಬರೆದಿದ್ದ.

ನಾನು ಕ್ಯಾಂಟೀನಿನ ಹಿಂದೆ ಖಾಲಿ ಡ್ರಮ್ಮುಗಳ ಹತ್ತಿರ ನಿಂತೆ. ತಲೆಯಲ್ಲಿ ಏನೇನೋ ಓಡಿತು. ನನ್ನ ಲಿವರಿನಲ್ಲಿ ಕೊಬ್ಬು ಅಂತ ಬೇಡ ಎಂದವರು ಈಗ ಇನ್ನೊಬ್ಬರ ಕೊಬ್ಬಿನ ಲಿವರ್ ಪರವಾಗಿಲ್ಲ ಅನ್ನುತ್ತಾರಲ್ಲ, ಯಾಕೆ? ನಾವು ಫೋರ್ಕ್‌ಲಿಫ್ಟ್ ಓಡಿಸುವವರು, ಲೈನ್ ಮನೆಯವರು ಅಂತಲೇ? ಒಳ್ಳೆಯದು ವೈಟ್‌ಫೀಲ್ಡಿನ ಸಾಹೇಬರಿಗೆ, ಸೆಕೆಂಡ್ಸ್ ಮಾಲು ನಮಗೆ ಅಂತಲೇ? ರಕ್ತ ಕುದಿಯಿತು. ನನ್ನ ತಮ್ಮನಿಗೆ ಯಾರೋ ರಿಜೆಕ್ಟ್ ಮಾಡಿದ್ದನ್ನು ಹಾಕಲು ಬಿಡುವುದಿಲ್ಲ ಅಂದುಕೊಂಡೆ.

ಇದು ಹೊರಗಿನ ಮಾತು. ಒಳಗೆ ಇನ್ನೊಂದಿತ್ತು. ಹೂಂ ಅಂದು, ಆಪರೇಷನ್ ಆಗಿ, ಅವನು ಟೇಬಲ್ಲಿನ ಮೇಲೆಯೇ ಹೋದರೆ, ಹೂಂ ಅಂದವಳು ನಾನು. ಬೇಡ ಅಂದರೆ ಮುಂದೆ ಏನಾದರೂ ಅದು ಕಾಯಿಲೆಯ ಕೆಲಸ. ನನ್ನ ನಂಬರ್ ಹಿಡಿದು ಯಾರೂ ವಾಪಸ್ ಬರುವುದಿಲ್ಲ.

ಎಂಟು ನಿಮಿಷಕ್ಕೆ ಫೋನ್ ಮಾಡಿದೆ.

"ಬೇಡ ಮೇಡಂ. ಅವನನ್ನೂ ಕೇಳ್ದೆ. ಅವನೂ ಬೇಡ ಅಂದ."

ಕೇಳಿರಲಿಲ್ಲ.

ಊಟದ ಡಬ್ಬಿ ಮುಚ್ಚಿ ಸೀಟಿಗೆ ಹೋದೆ. ಸಂಜೆವರೆಗೆ ಕೆಲಸ ಮಾಡಿದೆ. ಮನೆಗೆ ಹೋದಾಗ ಮುನಿ ಸೊಪ್ಪು ಬಿಡಿಸುತ್ತಾ ಕೂತಿದ್ದ. "ಇವತ್ತು ಏನ್ ವಿಶೇಷ?" ಅಂದ. ಏನೂ ಇಲ್ಲ ಅಂದೆ.

ಎರಡು ವಾರ ಕಳೆದ ಮೇಲೆ ಓಪಿಡಿಗೆ ಹೋಗಿದ್ದೆವು. ಮುನಿ ರಕ್ತ ಕೊಡುವ ಸಾಲಿನಲ್ಲಿದ್ದ. ನನ್ನ ಪಕ್ಕದ ಕುರ್ಚಿಗೆ ನಾಗವೇಣಿ ಎಂಬ ಹೆಂಗಸು ಬಂದು ಕೂತಳು. ದೊಡ್ಡನೆಕ್ಕುಂದಿಯವಳು. ಗಂಡ ಟೆಂಪೋ ಓಡಿಸುವವನು. ಅವನಿಗೆ ಲಿವರ್ ಬದಲಾಯಿಸಿ ಎರಡು ವಾರವಾಗಿತ್ತು. ಮೇಲೆ ವಾರ್ಡಿನಲ್ಲಿದ್ದಾನೆ, ಇಡ್ಲಿ ತಿಂದ ಎಂದು ಮಗು ಹುಟ್ಟಿದ ಸುದ್ದಿ ಹೇಳುವಂತೆ ಹೇಳಿದಳು.

"ನಮ್ಮದು ಸರ್ದಿ ಇರ್ಲೇ ಇಲ್ಲ ಅಕ್ಕಾ. ಮುಂದೆ ಇನ್ಯಾರೋ ಇದ್ರಂತೆ. ಅವ್ರು ಬೇಡ ಅಂದ್ರಂತೆ. ವಯಸ್ಸಾದೋರ ಲಿವರ್ರು, ಕೊಬ್ಬೈತೆ ಅಂದ್ರು. ನಮ್ ಯಜಮಾನ್ರು, ನನಗೇನು ಹದಿನೆಂಟಾ, ಕೊಡ್ರೀ ಸಾರ್ ಅಂದ್ಬಿಟ್ರು."

"ಯಾವತ್ತು ಆಗಿದ್ದು?" ಎಂದು ಕೇಳಿದೆ. ಕೇಳುವ ಮುಂಚೆಯೇ ಗೊತ್ತಿತ್ತು.

"ಬುಧವಾರ. ಯಾರ್ ಬೇಡ ಅಂದ್ರೋ ಪುಣ್ಯಾತ್ಮರು, ಅವ್ರ ಮನೆ ತಣ್ಣಗಿರ್ಲಿ."

ಅವಳಿಗೆ ಟೀ ಕೊಡಿಸಿದೆ. ಬಾಯಿ ಮಾತ್ರ ಬಿಡಲಿಲ್ಲ. ಮುನಿ ತೋಳಿಗೆ ಹತ್ತಿ ಒತ್ತಿಕೊಂಡು ಬಂದು, "ಯಾರಕ್ಕ ಅದು?" ಅಂದ.

"ಯಾರೋ ದೊಡ್ಡನೆಕ್ಕುಂದಿಯೋರು."

ಸುಳ್ಳು ಹೇಳುವವರಿಗೆ ಒಂದೇ ಸುಳ್ಳು ಸಾಕಾಗುವುದಿಲ್ಲ. ಅದನ್ನು ಸಾಕಲು ಇನ್ನೊಂದು ಬೇಕು.

ಆಮೇಲಿನ ಒಂದೂವರೆ ತಿಂಗಳನ್ನು ನೆನೆಯಲು ಇಷ್ಟವಿಲ್ಲ. ಹೊಟ್ಟೆಯ ನೀರು ತೆಗೆದರೆ ನಾಲ್ಕು ದಿನಕ್ಕೆ ಮತ್ತೆ ತುಂಬುತ್ತಿತ್ತು. ಹೆಸರು ಬರೆಯುವುದು ನಿಂತಿತು. ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ಬಚ್ಚಲಿನಲ್ಲಿ ವಾಂತಿ ಮಾಡಿದ. ಪೂರ್ತಿ ರಕ್ತ. ಹೊಸೂರು ರೋಡಿನ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸ್ ನಿಂತು ನಿಂತು ಹೋಗುವಾಗ ನಾನು ಅವನ ತಲೆ ಹಿಡಿದುಕೊಂಡಿದ್ದೆ. ಟೆಂಪೋ ಓಡಿಸುವವನು ಇಡ್ಲಿ ತಿನ್ನುತ್ತಿದ್ದಾನೆ. ಆ ಇಡ್ಲಿ ಇವನ ಬಾಯಿಗೆ ಬರಬೇಕಾಗಿತ್ತು. ಇದೊಂದೇ ಯೋಚನೆ. ಆಮೇಲೆ, ಅವನಾದರೂ ತಿನ್ನಲಿ ಬಿಡು ಅಂತಲೂ ಅನ್ನಿಸಿತು. ಎರಡೂ ನಿಜ.

ರಕ್ತ ನಿಲ್ಲಿಸಿದರು. ವಾರ ಕಳೆದ ಮೇಲೆ ತಲೆ ಸ್ವಲ್ಪ ತಿಳಿಯಾಯಿತು. "ಇನ್ನು ತಿಂಗಳ ಲೆಕ್ಕ ಇಲ್ಲ, ವಾರಗಳ ಲೆಕ್ಕ" ಎಂದು ಡಾಕ್ಟರ್ ನನ್ನನ್ನು ಹೊರಗೆ ಕರೆದು ಹೇಳಿದರು.

ಮಾರನೆಯ ಬೆಳಿಗ್ಗೆ ಏಳರ ಹೊತ್ತಿಗೆ ಸರ್ಜನ್ ಸ್ವತಃ ಹಾಸಿಗೆಯ ಹತ್ತಿರ ಬಂದರು. ಜೊತೆಯಲ್ಲಿ ಶೈಲಾ ಮೇಡಂ. ಸರ್ಜನ್ ಕುರ್ಚಿ ಎಳೆದು ಮುನಿಯ ಮುಖಕ್ಕೆ ಮುಖ ಕೊಟ್ಟು ಕೂತರು.

"ಮುನಿರಾಜು, ಒಂದು ಲಿವರ್ ಬಂದಿದೆ. ಇದರಲ್ಲೂ ಕೊಬ್ಬಿದೆ. ದೂರದಿಂದ ಬಂದಿದೆ, ಐಸಲ್ಲಿ ಜಾಸ್ತಿ ಹೊತ್ತು ಇತ್ತು. ಹೋದ ಸಲ ಇಂಥದ್ದೇ ಬಂದಾಗ ನೀವು ಬೇಡ ಅಂದಿದ್ರಿ. ಫೈಲಲ್ಲಿದೆ. ಅದಕ್ಕೇ ಈ ಸಲ ನಾನೇ ಕೇಳೋಣ ಅಂತ ಬಂದೆ."

ಮುನಿ ಡಾಕ್ಟರನ್ನು ನೋಡಿದ. ನಿಧಾನವಾಗಿ ತಲೆ ತಿರುಗಿಸಿ ನನ್ನನ್ನು ನೋಡಿದ. ಹಳದಿ ಕಣ್ಣು. ನಾನು ಕಣ್ಣು ತಗ್ಗಿಸಲಿಲ್ಲ. ತಗ್ಗಿಸುವ ಯೋಗ್ಯತೆಯೂ ಇರಲಿಲ್ಲ.

"ಊಂ ಸಾರ್" ಅಂದ. "ಆವಾಗ ಬೇಡ ಅಂದಿದ್ದೆ. ಈಗ ಬೇಕು."

ಶೈಲಾ ಮೇಡಂ ಬರೆದುಕೊಂಡರು. ಸರ್ಜನ್ ನನ್ನತ್ತ ತಿರುಗಿ, "ನಿಮಗೇನಾದ್ರೂ ಕೇಳೋದಿದ್ಯಾ?" ಅಂದರು. ನನ್ನ ಬಾಯಿಗೆ ಬಂದಿದ್ದು ಹಳೆಯ ಪ್ರಶ್ನೆಯೇ.

"ಡೌಟಿರೋದನ್ನ ಯಾಕ್ ಸಾರ್ ಹಾಕ್ತೀರಾ?"

ಅವರಿಗೆ ಸಿಟ್ಟು ಬರಲಿಲ್ಲ. "ಹಾಕ್ತೀನಿ ಅಂತ ನಾನಿನ್ನೂ ಹೇಳಿಲ್ಲಮ್ಮ. ಐಸಲ್ಲಿರೋ ಲಿವರ್ ನಿದ್ದೆ ಮಾಡ್ತಿರುತ್ತೆ. ಮಲಗಿರೋನನ್ನ ನೋಡಿ ಇವನು ಕೆಲಸ ಮಾಡ್ತಾನೋ ಇಲ್ವೋ ಅಂತ ಹೇಳೋಕಾಗುತ್ತಾ? ಎಬ್ಬಿಸಬೇಕು. ನಮ್ಮ ಹತ್ರ ಈಗ ಒಂದು ಮಷೀನ್ ಇದೆ. ಮೈಯಲ್ಲಿರೋಷ್ಟೇ ಬಿಸಿ, ರಕ್ತ, ಆಕ್ಸಿಜನ್ ಎಲ್ಲ ಕೊಟ್ಟು ಲಿವರನ್ನ ಅದರಲ್ಲಿಟ್ಟು ಓಡಿಸ್ತೀವಿ. ಬೆಳಿಗ್ಗೆ ಆರಕ್ಕೆ ಹಾಕಿದೀವಿ. ಲ್ಯಾಕ್ಟೇಟ್ ಅಂತ ಒಂದು ಕಸ ರಕ್ತದಲ್ಲಿ ಸೇರ್ಕೊಳ್ಳುತ್ತೆ. ಲಿವರ್ ಜೀವಂತವಾಗಿದ್ರೆ ಅದನ್ನ ಅದೇ ಗುಡಿಸುತ್ತೆ. ಪಿತ್ತ ಸುರಿಸುತ್ತೆ. ಮಾಡಿ ತೋರಿಸ್ಲಿ. ತೋರಿಸಿದ್ರೆ ಹಾಕ್ತೀನಿ. ಇಲ್ಲಾಂದ್ರೆ ನಾನೇ ಬೇಡ ಅಂತೀನಿ."

"ನನ್ ಲಿವರಲ್ಲಿ ಕೊಬ್ಬು ಅಂತ ಬೇಡ ಅಂದ್ರಲ್ಲ?"

"ನಿಮ್ಮಿಂದ ತಗೊಳ್ಳೋದು ಅರ್ಧ. ಆ ಅರ್ಧ ಇವರನ್ನ ಉಳಿಸಬೇಕು, ಇನ್ನರ್ಧ ನಿಮ್ಮನ್ನ ಉಳಿಸಬೇಕು. ಬದುಕಿರೋರ ಪ್ರಾಣದ ಜೊತೆ ಆಟ ಆಡೋಕಾಗಲ್ಲ. ಬೇರೆಯವರದು ಪೂರ್ತಿ ಲಿವರ್ ಬರುತ್ತೆ. ಲೆಕ್ಕವೇ ಬೇರೆ."

ಎರಡು ತಿಂಗಳ ಹಿಂದೆ ಡ್ರಮ್ಮುಗಳ ಹತ್ತಿರ ನಿಂತು ನಾನೊಬ್ಬಳೇ ಕಟ್ಟಿದ್ದ ಕೋಟೆ ಎರಡು ಮಾತಿಗೆ ಬಿದ್ದುಹೋಯಿತು. ಆವತ್ತು ಫೋನಿನಲ್ಲಿ ಇದನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಬಡವರಿಗೆ ಅವಮಾನ ಎಂದು ಸೆಟೆದು ನಿಂತೆ. ಇಂದಿಗೂ ನಾನು ಸೆಟೆದು ನಿಲ್ಲುವವಳೇ. ಅದನ್ನು ಬಿಡುವುದಿಲ್ಲ. ಆದರೆ ಕೇಳಿಕೊಂಡು ಸೆಟೆದು ನಿಲ್ಲಬೇಕು.

ಅವರಿಬ್ಬರೂ ಹೋದರು. ನಾವು ಉಳಿದೆವು.

"ಯಾವಾಗ ಬಂದಿತ್ತು?" ಅಂದ ಮುನಿ.

"ಎರಡು ತಿಂಗಳಾಯ್ತು. ಬುಧವಾರ."

"ಆವತ್ತು ನಾನ್ ಎಂಗಿದ್ದೆ?"

"ಚೆನ್ನಾಗಿದ್ದೆ. ಎಸ್ರು ನೆಟ್ಟಗೆ ಬರ್ದಿದ್ದೆ."

ಕಣ್ಣು ಮುಚ್ಚಿದ. ನಾನು ಎಲ್ಲ ಹೇಳಿದೆ. ಎಂಟು ನಿಮಿಷ, ಡ್ರಮ್ಮು, ನಾಗವೇಣಿ, ಅವಳ ಗಂಡನ ಇಡ್ಲಿ. ಏನೂ ಮುಚ್ಚಿಡಲಿಲ್ಲ.

"ಯಾಕಕ್ಕ ಅಂಗ್ ಮಾಡ್ದೆ?"

"ಎದರ್ಕೊಂಡೆ ಕಣೋ."

"ನಾನ್ ಎದರ್ಕೊಂಡಿರ್ಲಿಲ್ವಾ? ಅದು ನನ್ ಎದ್ರಿಕೆ ಕಣಕ್ಕ. ನೀನ್ಯಾಕೆ ಎತ್ಕೊಂಡೆ?"

ಅವನ ಹೊದಿಕೆ ಸರಿಮಾಡುತ್ತಾ ಕೇಳಿದೆ:

"ಮತ್ತೆ ಡಾಕ್ಟ್ರ ಮುಂದೆ ನಾನೇ ಬೇಡ ಅಂದಿದ್ದೆ ಅಂತ ಯಾಕಂದೆ?"

"ಅಲ್ಲೇ ನಿನ್ ಜುಟ್ಟು ಇಡ್ಕೊಂಡು ಕೂತಿದ್ರೆ ಇದೂ ಓಗಿರೋದು. ಮೊದ್ಲು ಬದುಕ್ಕೊಳನ. ಆಮ್ಯಾಕೆ ಜಗಳ ಆಡನ. ಬಿಟ್ಬುಡ್ತೀನಿ ಅಂದ್ಕೋಬೇಡ."

ಎಂಟೂವರೆಗೆ ಶೈಲಾ ಮೇಡಂ ಬಂದರು. ಕಸ ಇನ್ನೂ ಸರಿಯಾಗಿ ಇಳಿದಿಲ್ಲ ಅಂದರು. ಒಂಬತ್ತೂವರೆಗೆ ಬಂದರು. ಸ್ವಲ್ಪ ಇಳಿದಿದೆ, ಪಿತ್ತ ಬಂದಿಲ್ಲ. ನಾನು ಕಾರಿಡಾರಿನ ಗೋಡೆಗೆ ಒರಗಿ ನಿಂತೆ. ನನ್ನ ಜನ್ಮದಲ್ಲಿ ಒಂದು ವಸ್ತುವನ್ನು ತೀರ್ಮಾನ ಮಾಡದೆ ಇಷ್ಟು ಹೊತ್ತು ಬಿಟ್ಟವಳಲ್ಲ. ಒಂದು ಪೀಸಿಗೆ ನಾಲ್ಕು ಸೆಕೆಂಡು, ಅಷ್ಟೇ. ಇಲ್ಲಿ ಯಾರದೋ ಮನೆಯವರು ಅಳುತ್ತಾ ಬಿಟ್ಟುಕೊಟ್ಟ ಲಿವರ್ ಒಂದು ಗಾಜಿನ ಮುಚ್ಚಳದ ಕೆಳಗೆ ಒಬ್ಬಂಟಿಯಾಗಿ ಕೆಲಸ ಕಲಿಯುತ್ತಿದೆ. ಅವಸರ ಮಾಡಬೇಡ, ಹೊತ್ತು ತಗೋ ಎಂದು ಅದಕ್ಕೆ ಹೇಳಬೇಕೆನ್ನಿಸಿತು. ಹೇಳಿಯೂ ಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ವಾರ್ಡ್ ಬಾಯ್ ನನ್ನನ್ನು ವಿಚಿತ್ರವಾಗಿ ನೋಡಿದ. ನೋಡಲಿ.

ಹನ್ನೊಂದಕ್ಕೆ ಸರ್ಜನ್ ಬಂದು ಮುನಿಗೆ ತಮ್ಮ ಫೋನಿನಲ್ಲಿ ಒಂದು ಚಿಕ್ಕ ವಿಡಿಯೋ ತೋರಿಸಿದರು. ನಾನೂ ಬಗ್ಗಿ ನೋಡಿದೆ. ಕಂದುಗೆಂಪು ಲಿವರ್. ಅಂಚು ಮೊಂಡಾಗಿತ್ತು. ಲೈಟಿನ ಕೆಳಗೆ ಹಿಡಿದಿದ್ದರೆ ಖಂಡಿತ ಕೆಂಪು ಡಬ್ಬಕ್ಕೆ ಎಸೆಯುತ್ತಿದ್ದೆ. ಅದರಿಂದ ಹೊರಟ ಸಣ್ಣ ಪೈಪಿನಲ್ಲಿ ಕಡು ಬಣ್ಣದ ಪಿತ್ತ ಹನಿ ಹನಿಯಾಗಿ ಇಳಿಯುತ್ತಿತ್ತು.

"ಕಸ ಎಲ್ಲ ಗುಡಿಸಿದೆ. ಪಿತ್ತಾನೂ ಚೆನ್ನಾಗಿ ಬರ್ತಿದೆ" ಎಂದರು ಸರ್ಜನ್. "ಹೋಗೋಣ್ವಾ?"

"ಕೊಡ್ರೀ ಸಾರ್" ಅಂದ ಮುನಿ. ಇದು ಟೆಂಪೋದವನ ಮಾತು. ನಾನು ಹೇಳಿದ್ದನ್ನು ನೆನಪಿಟ್ಟುಕೊಂಡು, ನನ್ನ ಕಡೆ ನೋಡಿಯೇ ಅಂದ.

ಸ್ಟ್ರೆಚರ್ ಹೋಯಿತು. ಕತ್ತಲಾಗುವ ಹೊತ್ತಿಗೆ ಸರ್ಜನ್ ಹೊರಗೆ ಬಂದು, ರಕ್ತದ ದಾರಿ ತೆರೆದ ಕೂಡಲೇ ಲಿವರ್ ಬಣ್ಣ ತುಂಬಿಕೊಂಡಿತು ಎಂದು ಹೇಳಿದರು. ನಾಲ್ಕು ದಿನ ಐಸಿಯು. ಒಮ್ಮೆ ಜ್ವರ ಬಂತು, ಒಮ್ಮೆ ಮೂತ್ರ ಕಡಿಮೆಯಾಯಿತು. ಐದನೆಯ ದಿನ ಗಾಜಿನಾಚೆಯಿಂದ ಅವನ ಕಣ್ಣು ನೋಡಿದೆ.

ಬಿಳಿ.

ಇಪ್ಪತ್ತು ದಿನಕ್ಕೆ ಮನೆಗೆ ಬಂದ. ಕೊಟ್ಟ ಮಾತಿನಂತೆ ಜಗಳ ಆಡಿದ. ಮಾಸ್ಕ್ ಹಾಕಿಕೊಂಡೇ ಬೈದ. "ನಾನ್ ಸತ್ತೋಗಿದ್ರೆ ನನ್ ಫೋಟೋ ಮುಂದೆ ಏನಂತ ಏಳ್ತಿದ್ದೆ? ಕಾಯ್ಲೆ ತಗೊಂಡೋಯ್ತು ಅಂತ ತಾನೆ?" ಹೌದು ಅಂದೆ. ಹಾಗೇ ಹೇಳುತ್ತಿದ್ದೆ. ಹೌದು ಅಂದಿದ್ದಕ್ಕೆ ಇನ್ನೂ ಸಿಟ್ಟಾದ. ಒಂಬತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾತ್ರೆ ಕೊಟ್ಟರೆ ತಗೊಂಡ, ಗಂಜಿ ಕೊಟ್ಟರೆ ಕುಡಿದ, ಮುಖ ಮಾತ್ರ ಗೋಡೆ ಕಡೆ. ಹತ್ತನೆಯ ದಿನ "ಗಂಜಿಗೆ ಉಪ್ಪಿಲ್ಲ" ಅಂದ. ನನಗೆ ಅಷ್ಟು ಸಾಕಾಯಿತು. ಅವನು ಕ್ಷಮಿಸಿದ್ದಾನೆ ಎಂದು ನಾನು ಬರೆಯುವುದಿಲ್ಲ. ಅದನ್ನು ಬರೆಯಬೇಕಾದವನು ಅವನು.

ಆ ವಾರವೇ ಆಸ್ಪತ್ರೆಗೆ ಹೋದಾಗ ಶೈಲಾ ಮೇಡಂಗೆ ಹೇಳಿದೆ. ಆವತ್ತು ನಾನು ಅವನನ್ನು ಕೇಳಿರಲಿಲ್ಲ, ಫೈಲಿನಲ್ಲಿರುವುದು ಸುಳ್ಳು, ತಿದ್ದಿ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಎಂಟೇ ನಿಮಿಷಕ್ಕೆ ಫೋನ್ ಮಾಡಿದ್ರಿ. ಇಷ್ಟು ಬೇಗನಾ ಅಂತ ನನಗೂ ಅನ್ನಿಸ್ತು ಜಯಮ್ಮ. ನಾನೇ ಅವರ ಹತ್ರ ಒಂದ್ಸಲ ಮಾತಾಡ್ಬೇಕಿತ್ತು. ನನ್ನದೂ ತಪ್ಪಿದೆ."

"ಇಲ್ಲ ಮೇಡಂ. ತಪ್ಪು ನಂದು. ಇದ್ರಲ್ಲಿ ಯಾರ್ಗೂ ಪಾಲು ಕೊಡಲ್ಲ."

ಅವರು ನಕ್ಕರು. ನಾನು ನಗಲಿಲ್ಲ. ಆದರೂ ಇದನ್ನು ಬರೆಯುತ್ತಿರುವುದು ಅವರು ಹೇಳಿದ ಮೇಲೆಯೇ. ಪಟ್ಟಿಯಲ್ಲಿರುವವರ ಮನೆಯವರು ಓದಲಿ ಅಂದರು. ಹಾಗಾದರೆ ಓದುವವರಿಗೆ ಇಷ್ಟು ಹೇಳುತ್ತೇನೆ. ವಯಸ್ಸಾದವರದು, ಕೊಬ್ಬಿನದು, ತಡವಾಗಿ ಬಂದದ್ದು ಎಂದರೆ ಹೆದರಿ. ಹೆದರುವುದು ತಪ್ಪಲ್ಲ. ಪ್ರಶ್ನೆ ಕೇಳಿ, ಜಗಳವಾಡಿ ಕೇಳಿ. ಬೇಡ ಎನ್ನುವುದೂ ಹಕ್ಕೇ. ಆದರೆ ಆ ಹಕ್ಕು ಹಾಸಿಗೆಯಲ್ಲಿರುವವರದು. ನನ್ನಂಥ ಅಕ್ಕಂದಿರದಲ್ಲ.

ಸತ್ತವರ ಅಂಗ ಮೈಯಲ್ಲಿಟ್ಟುಕೊಂಡರೆ ಏನೇನೋ ಆಗುತ್ತದಂತೆ ಎನ್ನುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಆಗುತ್ತದೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಹೆಸರು ನೆಟ್ಟಗೆ ಬರೆಯಲು ಬರುತ್ತದೆ. ಕೊಟ್ಟವರು ಯಾರೆಂದು ನಮಗೆ ಹೇಳುವುದಿಲ್ಲ. ಯಾವ ಊರಿನವರೋ, ಯಾವ ಮನೆಯವರೋ. ಅವರ ನೋವಿಗೆ ನನ್ನ ಹತ್ತಿರ ಮಾತಿಲ್ಲ. ಎರಡು ಮನೆಯವರು ಕೊಟ್ಟರು. ಒಂದನ್ನು ನಾನು ತಳ್ಳಿದೆ. ಅದು ದೊಡ್ಡನೆಕ್ಕುಂದಿಯಲ್ಲಿ ಜೀವ ಉಳಿಸಿತು. ಅದು ಅವರ ದೊಡ್ಡತನ, ನನ್ನ ಪುಣ್ಯವಲ್ಲ.

ಅಪಾಯ ಪೂರ್ತಿ ಕಳೆದಿಲ್ಲ. ಮೈ ಹೊಸ ಲಿವರನ್ನು ಯಾವಾಗ ಬೇಕಾದರೂ ಹೊರಗಿನದೆಂದು ದೂಡಬಹುದು. ಜೀವನವಿಡೀ ಮಾತ್ರೆ. ರಕ್ತ ಪರೀಕ್ಷೆ. ಶೈಲಾ ಮೇಡಂ ಈಗ ರಿಪೋರ್ಟ್ ಬಂದರೆ ಮುನಿಯ ಫೋನಿಗೇ ಮಾಡುತ್ತಾರೆ.

ನಿನ್ನೆ ಬೆಳಿಗ್ಗೆ ಹಾಗೆ ಫೋನ್ ಬಂತು. ಅವನು ದೋಸೆ ತಿನ್ನುತ್ತಿದ್ದ. ಎಡಗೈಯಲ್ಲಿ ಎತ್ತಿಕೊಂಡ. "ಊಂ ಮೇಡಂ. ಆಯ್ತು ಮೇಡಂ. ಓ, ಅಂಗಾ? ಸರಿ" ಅಂದು ಇಟ್ಟ. ಮತ್ತೆ ದೋಸೆ ಮುರಿದ.

ನಾನು ಸೌಟು ಹಿಡಿದು ನಿಂತೇ ಇದ್ದೆ. "ಏನಂತೆ?"

"ತಡಿ. ತಿಂತಾ ಇಲ್ವಾ?"

"ಲೋ ಮುನಿ, ಏನಂತೋ?"

"ಫೋನ್ ನನಗ್ ಬಂದಿದ್ದು ತಾನೇ? ಏಳ್ತೀನಿ ಇರು."

ತವೆಯ ಮೇಲಿನ ದೋಸೆ ಕರಕಲಾಗತೊಡಗಿತು. ಒಲೆ ಆರಿಸಿದೆ. ಅವನು ಬೇಕೆಂದೇ ನಿಧಾನವಾಗಿ ಅಗಿದ, ಚಟ್ನಿ ಬಳಿದು ತಿಂದ, ನೀರು ಕುಡಿದ. ನಾನು ಅವನ ಎದುರಿಗೆ ನೆಲದ ಮೇಲೆ ಕೂತೆ. ಮತ್ತೆ ಕೇಳಲಿಲ್ಲ. ಅವನು ಕೈ ತೊಳೆದು ಬಂದು, ಟವೆಲಿಗೆ ಒರೆಸಿಕೊಂಡು, ನನ್ನನ್ನು ಒಂದು ಸಲ ನೋಡಿದ.

"ಒಂದು ಮಾತ್ರೆ ಕಡ್ಮೆ ಮಾಡವ್ರೆ" ಅಂದ.